ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟೋ ಬ್ಲಾಕ್‌ಚೈನ್

2020ರ ಸೆಪ್ಟೆಂಬರ್ ಕೊನೆ. ಇಂಗ್ಲೆಂಡಿನಲ್ಲಿ ಕೋವಿಡ್ ಎರಡನೇ ಅಲೆ ಏಳ್ತಾ ಇದೆ. ಪಾಸಿಟಿವ್ ಬಂದವರ ಪಟ್ಟಿ ಲ್ಯಾಬ್‌ಗಳಿಂದ ಬಂದು ಎಕ್ಸೆಲ್ ಫೈಲಿಗೆ ಸೇರ್ತಾ ಇದೆ. ಅದೂ ಹಳೇ ಕಾಲದ ಎಕ್ಸ್‌ಎಲ್‌ಎಸ್ ಫೈಲು. 65,536 ಸಾಲು ತುಂಬಿದ ಮೇಲೆ ಅದರಲ್ಲಿ ಇನ್ನೊಂದು ಸಾಲು ಹಿಡಿಯಲ್ಲ. ಒಬ್ಬೊಬ್ಬರಿಗೂ ಹಲವು ಸಾಲು ಬೇಕಾಗ್ತಿದ್ದರಿಂದ ಸುಮಾರು 1,400 ಜನ ಸೇರೋ ಹೊತ್ತಿಗೆ ಫೈಲು ಭರ್ತಿ. ಮಿಕ್ಕವರು ಸದ್ದಿಲ್ಲದೆ ಉದುರಿಹೋದರು. ಒಂದು ವಾರದಲ್ಲಿ 15,841 ಜನ ಹೀಗೆ ಲೆಕ್ಕದಿಂದ ಜಾರಿದರು. ತಮಗೆ ಸೋಂಕು ತಗುಲಿದೆ ಅಂತ ಅವರಿಗೇನೋ ತಿಳಿದಿತ್ತು. ಅವರ ಜೊತೆ ಕೂತು ಉಂಡವರನ್ನ ಹುಡುಕಿ ಫೋನ್ ಮಾಡಬೇಕಾದ ತಂಡಕ್ಕೆ ತಿಳಿದಿರಲಿಲ್ಲ.

ಮುಂದಿನ ಮಹಾಮಾರಿಗೆ ಬ್ಲಾಕ್‌ಚೈನೂ ಎಐಯೂ ಸೇರಿದ ಪರಿಹಾರ ನಮ್ಮ ಹತ್ರ ಇದೆ ಅಂತ ಯಾರಾದರೂ ಸ್ಲೈಡ್ ತೋರಿಸಿದಾಗಲೆಲ್ಲ ನನ್ನ ಕಣ್ಣ ಮುಂದೆ ಈ ಎಕ್ಸೆಲ್ ಫೈಲೇ ಬಂದು ನಿಲ್ಲುತ್ತೆ. ಈ ಎರಡನ್ನ ಒಂದೇ ನೊಗಕ್ಕೆ ಕಟ್ಟೋದೇ ತಪ್ಪು ಅನ್ನೋದು ನನ್ನ ವಾದ. ಎಐಗೆ ಇಲ್ಲಿ ನಿಜವಾದ ಕೆಲಸ ಇದೆ. ಬ್ಲಾಕ್‌ಚೈನ್‌ಗೂ ಒಂದು ಸಣ್ಣ ಕೆಲಸ ಇದೆ, ಆದರೆ ಅದನ್ನ ಮಾರೋರು ತೋರಿಸೋ ಜಾಗದಲ್ಲಲ್ಲ.

ಬ್ಲಾಕ್‌ಚೈನ್ ಅಂದ್ರೆ ಹಲವರ ಕೈಯಲ್ಲಿ ಒಂದೊಂದು ಪ್ರತಿ ಇರೋ ಲೆಕ್ಕದ ಪುಸ್ತಕ. ಪ್ರತಿ ಪುಟದ ತಲೆಯ ಮೇಲೆ ಹಿಂದಿನ ಪುಟದ ಬೆರಳಚ್ಚು, ಅಂದ್ರೆ ಹ್ಯಾಶ್ ಇರುತ್ತೆ. ಹಳೇ ಪುಟದಲ್ಲಿ ಒಂದು ಸೊನ್ನೆ ತಿದ್ದಿದರೂ ಬೆರಳಚ್ಚು ತಾಳೆಯಾಗದೆ ಕಳ್ಳ ಸಿಕ್ಕಿಬೀಳ್ತಾನೆ. ಉಪಾಯ ಸೊಗಸಾಗಿದೆ. ಆದರೆ ಬರೆಯುವಾಗಲೇ ಸುಳ್ಳು ಬರೆದರೆ? ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಇದು. ಕಟ್ಟುತ್ತೆ, ಮತ್ತೆ ಯಾರೂ ಬಿಚ್ಚೋಕೆ ಆಗದ ಹಾಗೆ ಕಟ್ಟುತ್ತೆ.

ಲಸಿಕೆ ಸರ್ಟಿಫಿಕೇಟ್‌ನ ಕಥೆಯನ್ನೇ ನೋಡಿ. ನ್ಯೂಯಾರ್ಕ್ ರಾಜ್ಯ 2021ರಲ್ಲಿ ಐಬಿಎಂ ಜೊತೆ ಸೇರಿ ಎಕ್ಸೆಲ್ಸಿಯರ್ ಪಾಸ್ ಅನ್ನೋ ಡಿಜಿಟಲ್ ಸರ್ಟಿಫಿಕೇಟ್ ತಂದಾಗ ಬ್ಲಾಕ್‌ಚೈನ್ ಹೆಸರು ಜೋರಾಗಿಯೇ ಕೇಳಿಬಂತು. ಅದೇ ವರ್ಷ ಜುಲೈ 1ರಿಂದ ಯುರೋಪಿಯನ್ ಒಕ್ಕೂಟ ತನ್ನದನ್ನ ಜಾರಿಗೆ ತಂತು. ಅದರಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಸರ್ಟಿಫಿಕೇಟ್ ಕೊಡೋ ದೇಶ ತನ್ನ ಗುಟ್ಟಿನ ಕೀಲಿಯಿಂದ ಕ್ಯೂಆರ್ ಕೋಡ್‌ಗೆ ಡಿಜಿಟಲ್ ಸಹಿ ಹಾಕ್ತಿತ್ತು, ಬಾಗಿಲಲ್ಲಿ ತಪಾಸಣೆಗೆ ನಿಂತವರ ಫೋನು ಆ ದೇಶ ಎಲ್ಲರಿಗೂ ಕೊಟ್ಟಿರೋ ಬಹಿರಂಗ ಕೀಲಿ ಹಿಡಿದು ಸಹಿ ಅಸಲಿಯೋ ನಕಲಿಯೋ ಹೇಳ್ತಿತ್ತು. ಇಷ್ಟರಲ್ಲೇ 200 ಕೋಟಿಗೂ ಹೆಚ್ಚು ಸರ್ಟಿಫಿಕೇಟ್ ವಿತರಣೆಯಾದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಎತ್ತಿಕೊಂಡು ತನ್ನ ಜಾಗತಿಕ ಜಾಲಕ್ಕೆ ಅಡಿಪಾಯ ಮಾಡಿಕೊಂಡಿತು.

ಹಾಗಂತ ಮೋಸ ಆಗಲಿಲ್ಲ ಅಂತಲ್ಲ. 2021ರ ಅಕ್ಟೋಬರ್‌ನಲ್ಲಿ ಅಡಾಲ್ಫ್ ಹಿಟ್ಲರ್ ಹೆಸರಿನ ಸರ್ಟಿಫಿಕೇಟ್ ಒಂದು ಓಡಾಡಿತು. ತಪಾಸಣೆ ಆ್ಯಪ್ ಅದನ್ನ ಸರಿ ಅಂತಲೇ ಒಪ್ಪಿಕೊಂಡಿತು. ಯಾಕಂದ್ರೆ ಸಹಿ ಅಸಲಿ, ಹೆಸರು ತುಂಬಿದ ಕೈ ಮಾತ್ರ ಕಳ್ಳ ಕೈ. ಅಲ್ಲಿ ಬ್ಲಾಕ್‌ಚೈನ್ ಇದ್ದಿದ್ದರೆ ಹಿಟ್ಲರ್‌ಗೆ ಲಸಿಕೆ ಹಾಕಿದ್ದು ಶಾಶ್ವತ ದಾಖಲೆ ಆಗ್ತಿತ್ತು, ಅಷ್ಟೇ.

ಎಐ ಕಡೆಗೂ ಇದೇ ರೋಗ ಇದೆ. ಎದೆಯ ಎಕ್ಸ್‌ರೇ, ಸಿಟಿ ಸ್ಕ್ಯಾನ್ ನೋಡಿ ಕೋವಿಡ್ ಹೇಳ್ತೀವಿ ಅಂತ ಬಂದ ಸಂಶೋಧನೆಗಳನ್ನ ಕೇಂಬ್ರಿಡ್ಜ್ ನೇತೃತ್ವದ ತಂಡ ಜಾಲಾಡಿ 2021ರಲ್ಲಿ ವರದಿ ಕೊಟ್ಟಿತು. ಕೈಗೆತ್ತಿಕೊಂಡಿದ್ದು 2,212. ಜರಡಿಯಲ್ಲಿ ಉಳಿದಿದ್ದು 62. ಆ 62ರಲ್ಲಿ ರೋಗಿಗೆ ಬಳಸೋ ಯೋಗ್ಯತೆ ಇದ್ದದ್ದು ಒಂದೂ ಇಲ್ಲ. ಕೆಲವರು 'ಕೋವಿಡ್ ಇಲ್ಲ' ಅನ್ನೋದಕ್ಕೆ ಕೊಟ್ಟ ಮಾದರಿ ಏನು ಗೊತ್ತಾ? ಪುಟ್ಟ ಮಕ್ಕಳ ಎಕ್ಸ್‌ರೇ. ಕೋವಿಡ್ ಇದ್ದವರೆಲ್ಲ ದೊಡ್ಡವರು. ಯಂತ್ರ ಪಾಪ ಮಗು ಯಾವುದು, ದೊಡ್ಡವರು ಯಾರು ಅನ್ನೋದನ್ನ ಚೆನ್ನಾಗಿ ಕಲಿತುಕೊಂಡಿತು.

ಆದರೂ ನಾನು ಎಐ ಪರ ನಿಲ್ಲೋದು ಗ್ರೀಸ್ ತನ್ನ ಗಡಿಯಲ್ಲಿ ಬಳಸಿದ 'ಈವಾ' ಅನ್ನೋ ಎಐ ವ್ಯವಸ್ಥೆಯ ಕಾರಣಕ್ಕೆ. 2020ರ ಬೇಸಿಗೆ. ದೇಶಕ್ಕೆ ಪ್ರವಾಸಿಗರು ಬೇಕೇ ಬೇಕು, ಆದರೆ ಬಂದವರಿಗೆಲ್ಲ ಟೆಸ್ಟ್ ಮಾಡುವಷ್ಟು ಕಿಟ್ ಇಲ್ಲ. ಬರೋರು ಮುಂಚಿತವಾಗಿ ಒಂದು ಫಾರಂ ತುಂಬಬೇಕಿತ್ತು: ಯಾವ ದೇಶ, ಯಾವ ಪ್ರದೇಶ, ವಯಸ್ಸೆಷ್ಟು. ಅದನ್ನ ನೋಡಿ ಇವತ್ತು ಯಾವ ಗಡಿಯಲ್ಲಿ ಯಾರಿಗೆ ಟೆಸ್ಟ್ ಅಂತ ಈವಾ ಆರಿಸ್ತಿತ್ತು. ಇವತ್ತಿನ ಫಲಿತಾಂಶ ನಾಳೆಯ ಆಯ್ಕೆಗೆ ಪಾಠ. ನನಗೆ ಇಷ್ಟವಾದದ್ದು ಇನ್ನೊಂದು ಗುಣ. ಎಲ್ಲಿ ಸೋಂಕು ಹೆಚ್ಚು ಅಂತ ಗೊತ್ತಿದೆಯೋ ಅಲ್ಲಿಗೇ ಎಲ್ಲ ಕಿಟ್ ಸುರಿಯದೆ, ಮಾಹಿತಿಯೇ ಇಲ್ಲದ ಕಡೆಯಿಂದ ಬಂದವರಿಗೂ ಒಂದಷ್ಟು ಮೀಸಲಿಡ್ತಿತ್ತು. ಅಲ್ಲಿ ಏನೂ ಸಿಗದೇ ಹೋಗಬಹುದು, ಆದರೆ ಏನೂ ಇಲ್ಲ ಅಂತಾದರೂ ತಿಳಿಯುತ್ತಲ್ಲ! ಮನಬಂದಂತೆ ಆರಿಸಿ ಟೆಸ್ಟ್ ಮಾಡಿದ್ದರೆ ಎಷ್ಟು ಸಿಗ್ತಿದ್ದರೋ, ಲಕ್ಷಣ ಇಲ್ಲದ ಸೋಂಕಿತರು ಅದರ 1.85 ಪಟ್ಟು ಸಿಕ್ಕಿಬಿದ್ದರು. ಅಷ್ಟೇ ಕಿಟ್‌ನಲ್ಲಿ. ಇದು ನಡೆದದ್ದು ಆ ದೇಶದ ಗಡಿಯಲ್ಲಿ ಫಾರಂ, ಲ್ಯಾಬ್, ಫಲಿತಾಂಶ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದರಿಂದ.

ಮುನ್ಸೂಚನೆ ವಿಷಯ ಬಂದಾಗ ಎಐ ಮೊದಲೇ ಹೇಳಿತ್ತು ಅಂತಾರೆ. ಹೌದು, ವುಹಾನ್‌ನ ನ್ಯುಮೋನಿಯಾ ಬಗ್ಗೆ ಹೆಲ್ತ್‌ಮ್ಯಾಪ್ ಅನ್ನೋ ಸ್ವಯಂಚಾಲಿತ ವ್ಯವಸ್ಥೆ 2019ರ ಡಿಸೆಂಬರ್ 30ರಂದೇ ಎಚ್ಚರಿಸಿತ್ತು. ಮನುಷ್ಯರೇ ಓದಿ ಕಳಿಸೋ ಪ್ರೊಮೆಡ್ ಅನ್ನೋ ರೋಗ-ಸುದ್ದಿ ಜಾಲ ಕೂಡ ಅದೇ ದಿನ ಎಚ್ಚರಿಸಿತ್ತು. ಜಾಗತಿಕ ತುರ್ತುಸ್ಥಿತಿ ಘೋಷಣೆಯಾದದ್ದು 2020ರ ಜನವರಿ 30ಕ್ಕೆ. ನಡುವಿನ ಆ ಒಂದು ತಿಂಗಳು ಯಂತ್ರ ನಿಧಾನವಾಗಿದ್ದರಿಂದ ಹೋದದ್ದಲ್ಲ.

ಇನ್ನು ಬ್ಲಾಕ್‌ಚೈನ್‌ನ ಆ ಸಣ್ಣ ಕೆಲಸ. 2020 ಮತ್ತು 2021ರಲ್ಲಿ ದೇಶಗಳು ಒಪ್ಪಿಕೊಂಡ ಕೋವಿಡ್ ಸಾವು ಸುಮಾರು 54 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆ ಎರಡು ವರ್ಷದ ಹೆಚ್ಚುವರಿ ಸಾವು, ಅಂದ್ರೆ ಮಾಮೂಲಿಯಾಗಿ ಆಗೋದಕ್ಕಿಂತ ಜಾಸ್ತಿ ಆದ ಸಾವು, 1 ಕೋಟಿ 49 ಲಕ್ಷ. ದಾಖಲೆಯೇ ಆಗದ ಸಾವಿಗೆ ಯಾವ ಸರಪಳಿಯೂ ನೆರವಾಗಲ್ಲ. ಆದರೆ ಪ್ರತಿದಿನ ಪ್ರಕಟಿಸಿದ ಪಟ್ಟಿಯ ಹ್ಯಾಶ್ ಅನ್ನ ಅವತ್ತೇ ಬ್ಲಾಕ್‌ಚೈನ್‌ನಲ್ಲಿ ಬಹಿರಂಗವಾಗಿ ಇಟ್ಟುಬಿಟ್ಟರೆ, ಮುಂದೆ ಯಾರಾದರೂ ಸದ್ದಿಲ್ಲದೆ ತಿದ್ದಿದಾಗ ಯಾರು ಬೇಕಾದರೂ ತಾಳೆ ನೋಡಿ ಹಿಡೀಬಹುದು. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಬೇಕಾದದ್ದು ಅಂಕಿ ತಿದ್ದೋ ಅಧಿಕಾರ ಇರೋ ಕಚೇರಿಯದೇ ಒಪ್ಪಿಗೆ.