ಬಿಸ್ಕತ್ತಿನ ಡಬ್ಬಿಯೊಳಗಿನ ಚಿನ್ನ

ಕೇಳುಗರೇ, ನಮಸ್ಕಾರ.

ನಮ್ಮ ಬೀರುವಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ತಿರುಪು ಕಳೆದುಹೋದ ಒಂಟಿ ಓಲೆ, ಕೊಂಡಿ ಮುರಿದ ಚೈನು, ಮಗಳ ನಾಮಕರಣಕ್ಕೆ ಬಂದ ಪುಟ್ಟ ಉಂಗುರಗಳು, ಅತ್ತೆಯವರ ಗುಂಡಿನ ಸರ. ಅದರ ಮೇಲೆ ವೆಲ್ವೆಟ್ ಪೆಟ್ಟಿಗೆಯಲ್ಲಿ ನನ್ನ ರಿಸೆಪ್ಷನ್ನಿಗೆಂದು ಕೊಂಡ ಡಿಸೈನರ್ ನೆಕ್ಲೇಸು. ಅದನ್ನು ಹಾಕಿಕೊಂಡದ್ದು ಒಟ್ಟು ಮೂರು ಸಲ. ಕತ್ತು ಕೆರೆಯುತ್ತದೆ.

ಮಗಳ ಕಾಲೇಜು ಫೀಸು ಕಟ್ಟಬೇಕಾಗಿ ಬಂದಾಗ ಇದನ್ನೆಲ್ಲ ಮಾರಿಬಿಡೋಣ ಅಂತ ತೀರ್ಮಾನವಾಯಿತು. ಎಲ್ಲಿ ಮಾರೋದು? ಮನೆಯವರು, ಪಕ್ಕದ ಮನೆಯವರು, ಎಲ್ಲರೂ ಕೇಳಿದ್ದು ಒಂದೇ ಮಾತು. "ಎಲ್ಲಿ ರೇಟು ಜಾಸ್ತಿ ಕೊಡ್ತಾರೆ?" ನಾನೂ ಅದನ್ನೇ ಹಿಡಿದುಕೊಂಡು ಹೊರಟೆ. ರೇಟು ಬೆಳಗಿನ ಪೇಪರಿನಲ್ಲೇ ಇರುತ್ತದೆ, ಅದರಲ್ಲಿ ಅಂಗಡಿಯಿಂದ ಅಂಗಡಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಕಳೆಯುವ ಲೆಕ್ಕದಲ್ಲಿ. ಅರಗಿಗೆ ಇಷ್ಟು, ಕಲ್ಲಿಗೆ ಇಷ್ಟು, ಬೆಸುಗೆಗೆ ಇಷ್ಟು, ಕರಗಿಸಿದ ನಷ್ಟ ಇಷ್ಟು.

ಮೊದಲು ಹೋದದ್ದು "ಹಳೇ ಚಿನ್ನಕ್ಕೆ ಸ್ಥಳದಲ್ಲೇ ಹಣ" ಎಂದು ಬೋರ್ಡು ಹಾಕಿಕೊಂಡ ಒಂದು ಕಡೆಗೆ. ಎಸಿ, ಕಾಫಿ, "ಬನ್ನಿ ಮೇಡಂ", ಎಲ್ಲ ಚೆನ್ನಾಗಿತ್ತು. ಅತ್ತೆಯವರ ಗುಂಡಿನ ಸರ ತೂಗಿದರು. 24 ಗ್ರಾಂ 300 ಮಿಲಿ. ಆಮೇಲೆ ಹುಡುಗ ಅದನ್ನು ಒಳಕೋಣೆಗೆ ತೆಗೆದುಕೊಂಡು ಹೋದ. ಐದು ನಿಮಿಷ ಬಿಟ್ಟು ಬಂದು, "ಮೇಡಂ, ಇದು 80 ಟಚ್ ಅಷ್ಟೇ" ಅಂದ. ಟಚ್ ಅಂದರೆ ನೂರಕ್ಕೆ ಎಷ್ಟು ಪಾಲು ಅಪ್ಪಟ ಚಿನ್ನ ಅನ್ನುವ ಲೆಕ್ಕ. ಟಚ್ ನೋಡುವ ಮಿಷನ್ನು ತೋರಿಸಪ್ಪ ಅಂದೆ. "ಒಳಗೆ ಕಸ್ಟಮರ್ಸ್‌ನ ಬಿಡೋದಿಲ್ಲ." ಸರ ವಾಪಸ್ ಪರ್ಸಿಗೆ ಹಾಕಿಕೊಂಡೆ. ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಆಗ ಒಬ್ಬ ಪರಿಚಯದವರು ಹೇಳಿಕೊಟ್ಟರು. ಬಿಐಎಸ್, ಅಂದರೆ ಸರ್ಕಾರದ ಮಾನಕ ಸಂಸ್ಥೆ, ಅದರ ಮಾನ್ಯತೆ ಇರುವ, ಒಡವೆಗೆ ಶುದ್ಧತೆಯ ಮುದ್ರೆ ಒತ್ತುವ ಹಾಲ್‌ಮಾರ್ಕಿಂಗ್ ಸೆಂಟರಿನಲ್ಲಿ ನಮ್ಮಂಥವರೂ ಒಡವೆ ಪರೀಕ್ಷೆ ಮಾಡಿಸಬಹುದು. ನನಗೆ ಗೊತ್ತೇ ಇರಲಿಲ್ಲ. 2022ರಲ್ಲಿ ಸರ್ಕಾರ ಹೇಳಿದ ದರದ ಪ್ರಕಾರ ನಾಲ್ಕು ಒಡವೆಯವರೆಗೆ 200 ರೂಪಾಯಿ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದಕ್ಕೆ 45. ರಿಪೋರ್ಟು ಕೈಗೆ ಕೊಡುತ್ತಾರೆ. ನಮ್ಮ ಸರ 88 ಟಚ್ ಬಂತು.

22 ಕ್ಯಾರೆಟ್ ಅಂದರೆ 91.6 ಬರಬೇಕಲ್ವಾ, ಅತ್ತೆಯವರಿಗೆ ಆ ಕಾಲದ ಅಕ್ಕಸಾಲಿ ಮೋಸ ಮಾಡಿದನಾ? ಹಾಗೇನೂ ಅಲ್ಲದಿರಬಹುದು. ಗುಂಡು, ಕೊಂಡಿ ಎಲ್ಲ ಬೆಸೆಯಬೇಕು. ಬೆಸುಗೆ ಚಿನ್ನಕ್ಕಿಂತ ಬೇಗ ಕರಗಬೇಕು, ಹಾಗಾಗಿ ಅದಕ್ಕೆ ತಾಮ್ರ, ಬೆಳ್ಳಿ ಸೇರಿಸುತ್ತಿದ್ದರು. ಒಡವೆಯಲ್ಲಿ ಬೆಸುಗೆ ಜಾಸ್ತಿ ಇದ್ದಷ್ಟೂ ಟಚ್ ಇಳಿಯುತ್ತದೆ. ಆಮೇಲೆ ಕ್ಯಾಡ್ಮಿಯಂ ಬೆಸುಗೆ ಬಂತು, ಅದೇ ನಾವು ಕೇಳುತ್ತಿದ್ದ ಕೆಡಿಎಂ. ಅದರ ಹೊಗೆ ಕೆಲಸದವರ ಆರೋಗ್ಯಕ್ಕೆ ಕೆಟ್ಟದ್ದು ಅಂತ ಈಗ ಬಿಟ್ಟಿದ್ದಾರೆ. ಇನ್ನು ಹಾಲ್‌ಮಾರ್ಕ್ ನಮ್ಮಲ್ಲಿ ಶುರುವಾದದ್ದೇ 2000ದಲ್ಲಿ. ಅದಕ್ಕೂ ಹಿಂದಿನ ಒಡವೆಗೆ ಬಾಯಿಮಾತೇ ಹಾಲ್‌ಮಾರ್ಕ್.

ಇಲ್ಲಿ ಇನ್ನೊಂದು ಮಾತು. ಹಾಲ್‌ಮಾರ್ಕ್ ಇಲ್ಲದ ಹಳೇ ಚಿನ್ನ ಇನ್ನು ಮಾರೋಕೆ ಆಗಲ್ಲ ಅಂತ ಸುಮ್ನೆ ಹೆದರಿಸುವವರಿದ್ದಾರೆ. 2021ರ ಜೂನ್‌ನಿಂದ ಬಂದ ಕಡ್ಡಾಯ, 2023ರ ಏಪ್ರಿಲ್‌ನಿಂದ ಕಡ್ಡಾಯವಾದ ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಗಳ ಗುರುತು, ಎರಡೂ ಅಂಗಡಿಯವರು ನಮಗೆ ಮಾರುವ ಒಡವೆಗೆ. ನಮ್ಮ ಮನೆಯ ಹಳೇ ಒಡವೆಯನ್ನು ಅವರು ಧಾರಾಳವಾಗಿ ಕೊಳ್ಳಬಹುದು.

ಸರಿ, ರಿಪೋರ್ಟು ಹಿಡಿದು ಬೆಂಗಳೂರಿನ ನಗರ್ತಪೇಟೆ ಕಡೆಗೆ ಹೋದೆ. ಚಿಕ್ಕ ಅಂಗಡಿ, ಕಾಫಿ ಇಲ್ಲ. ಹಿರಿಯರೊಬ್ಬರು ರಿಪೋರ್ಟು ನೋಡಿ, "ಅಮ್ಮಾ, ಮಿಷನ್ನು ಓದೋದು ಮೇಲ್ಮೈ ಮಾತ್ರ. ಒಳಗೆ ಅರಗಿದೆ. ಕರಗಿಸಿಯೇ ಲೆಕ್ಕ" ಅಂದರು. ನನಗೂ ಅಷ್ಟು ಹೊತ್ತಿಗೆ ಬುದ್ಧಿ ಬಂದಿತ್ತು. ಬೆಂಕಿ ಹಚ್ಚುವ ಮೊದಲೇ ಕೇಳಿದೆ, ನಿಮ್ಮ ಕಡಿತ ಎಷ್ಟು? ಎರಡು ಪರ್ಸೆಂಟ್. ಇದನ್ನು ಮೊದಲೇ ಕೇಳಬೇಕು. ಕರಗಿಸಿದ ಮೇಲೆ ಸರ ಇರುವುದಿಲ್ಲ, ಒಂದು ಗಟ್ಟಿ ಇರುತ್ತದೆ. ಗಟ್ಟಿ ಹಿಡಿದುಕೊಂಡು ಇನ್ನೊಂದು ಅಂಗಡಿಗೆ ಹೋದರೆ ಅವರು ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ.

ನನ್ನೆದುರಿಗೇ ಕತ್ತರಿಯಿಂದ ಒಂದು ಗುಂಡನ್ನು ಸೀಳಿದರು. ಒಳಗೆ ಕಂದುಬಣ್ಣದ ಅರಗು. ಮೂಸೆಗೆ ಹಾಕಿ ಬೆಂಕಿ ಬಿಟ್ಟಾಗ ಕಪ್ಪು ಹೊಗೆ, ಅಂಚೆ ಕಚೇರಿಯಲ್ಲಿ ಸೀಲು ಹಾಕುವಾಗ ಬರುತ್ತಿತ್ತಲ್ಲ, ಅದೇ ವಾಸನೆ. ಅತ್ತೆಯವರು ಹಬ್ಬಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದ ಸರ. ಒಂದು ಕ್ಷಣ ಬೇಡವಾಗಿತ್ತೇನೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಗಟ್ಟಿ ತೂಗಿದರೆ 20 ಗ್ರಾಂ 200 ಮಿಲಿ. ನಾಲ್ಕು ಗ್ರಾಂಗಿಂತ ಜಾಸ್ತಿ ಅರಗೇ ಇತ್ತು. ಮತ್ತೆ ಟಚ್ ನೋಡಿದರು, 88. ಅಂದರೆ ಅಪ್ಪಟ ಚಿನ್ನ ಸುಮಾರು 17.8 ಗ್ರಾಂ. ಇದೇ ಗಟ್ಟಿಯನ್ನು 80 ಟಚ್ ಅಂತ ಲೆಕ್ಕ ಹಾಕಿದ್ದರೆ 16.2. ಒಂದೂವರೆ ಗ್ರಾಂಗಿಂತ ಜಾಸ್ತಿ ಅಪ್ಪಟ ಚಿನ್ನ ಆ ಒಳಕೋಣೆಯಲ್ಲೇ ಉಳಿಯುತ್ತಿತ್ತು.

ದುಡ್ಡು ಬ್ಯಾಂಕಿಗೇ ಬಂತು. ದಿನಕ್ಕೆ ಒಬ್ಬರಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅಂಗಡಿಯವರು ಅದನ್ನು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲಾಗುವುದಿಲ್ಲ, ಅದಕ್ಕೇ. ಎರಡು ಲಕ್ಷ ಮತ್ತು ಅದಕ್ಕೂ ಮೇಲೆ ನಗದು ತೆಗೆದುಕೊಂಡರೆ ದಂಡ ಬೀಳುವುದು ತೆಗೆದುಕೊಂಡ ನಮಗೆ. ಲಾಭದ ಮೇಲೆ ತೆರಿಗೆಯೂ ಉಂಟು. 2024ರ ಜುಲೈ 23ರಿಂದ, ಎರಡು ವರ್ಷಕ್ಕಿಂತ ಹಳೆಯ ಚಿನ್ನಕ್ಕೆ 12.5 ಪರ್ಸೆಂಟ್. ಹಿರಿಯರಿಂದ ಬಂದದ್ದಾದರೆ ಅವರು ಕೊಂಡ ದಿನದಿಂದಲೇ ಎಣಿಕೆ.

ಬ್ಯಾಂಕಿಗೆ ಮಾರಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬ್ಯಾಂಕು ಚಿನ್ನದ ಮೇಲೆ ಸಾಲ ಕೊಡುತ್ತದೆ, ಚಿನ್ನ ಕೊಳ್ಳುವುದಿಲ್ಲ. ತಾನೇ ಮಾರಿದ ನಾಣ್ಯವನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಉಳಿದದ್ದು ಡಿಸೈನರ್ ನೆಕ್ಲೇಸು. ಕೊಳ್ಳುವಾಗ ವೇಸ್ಟೇಜು, ಮಜೂರಿ, ಕೆಂಪು ಕಲ್ಲು, ಮುತ್ತು ಅಂತ ಸಾಲಾಗಿ ಬಿಲ್ಲು ಮಾಡಿದ್ದರು. ಮಾರುವಾಗ ಆ ಸಾಲೆಲ್ಲ ಮಾಯ. ನಗರ್ತಪೇಟೆಯ ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಕೆಲಸ ಬಹಳ ಚೆನ್ನಾಗಿದೆಯಮ್ಮ. ನನಗೆ ಚಿನ್ನ ಮಾತ್ರ ಬೇಕು." ಕೊಂಡ ಶೋರೂಮಿಗೇ ಹೋದರೆ ಎಕ್ಸ್‌ಚೇಂಜ್ ಮಾತ್ರ, ಹಣ ಇಲ್ಲ. ಬೇರೆ ಒಡವೆ ಕೊಳ್ಳುವ ಆಸೆ ಇದ್ದರೆ ಅದು ಪರವಾಗಿಲ್ಲ, ಆದರೆ ಹೊಸದರ ಮೇಲೆ ಮತ್ತೆ ವೇಸ್ಟೇಜು, ಮತ್ತೆ 3 ಪರ್ಸೆಂಟ್ ಜಿಎಸ್‌ಟಿ. ವಜ್ರದ ಒಡವೆ ಇರುವವರು ಮಾತ್ರ ಬಿಲ್ಲು, ಸರ್ಟಿಫಿಕೇಟು ಹಿಡಿದು ಕೊಂಡಲ್ಲಿಗೇ ಮೊದಲು ಹೋಗುವುದು ಒಳ್ಳೆಯದು. ಬೇರೆ ಕಡೆ ವಜ್ರವನ್ನು ಕಲ್ಲು ಅಂತಲೇ ಕಳೆದುಬಿಡುವವರಿದ್ದಾರೆ. ಕಳೆದರೂ ಕಲ್ಲನ್ನು ಬಿಡಿಸಿ ಕೊಡಿ ಅಂತ ಕೇಳಿ, ಕೆಂಪಾದರೂ ಸರಿ, ಮುತ್ತಾದರೂ ಸರಿ. ನಮ್ಮದು ಅದು.

ನಾನು ನೆಕ್ಲೇಸನ್ನು ಅಂಗಡಿಗೆ ಕೊಡಲೇ ಇಲ್ಲ. ನಾದಿನಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಆ ದಿನದ ರೇಟಿನಲ್ಲಿ ಚಿನ್ನದ ದುಡ್ಡು, ಕೆಲಸಕ್ಕೆ ಅಂತ ಮೇಲೊಂದಿಷ್ಟು, ಹೀಗೆ ಮಾತಾಯಿತು. ಅವಳಿಗೆ ಶೋರೂಮಿಗಿಂತ ಕಡಿಮೆಗೆ ಸಿಕ್ಕಿತು, ನನಗೆ ಅಂಗಡಿಗಿಂತ ಜಾಸ್ತಿ ಬಂತು. ರಿಸೆಪ್ಷನ್ ಮುಗಿದ ರಾತ್ರಿಯೇ ಫೋನು ಬಂತು. "ಅತ್ತೆ, ಇದು ಕತ್ತು ಕೆರೆಯುತ್ತೆ."

ಆ ಒಂಟಿ ಓಲೆಯನ್ನೂ ಗುಂಡಿನ ಸರದ ದಿನವೇ ಕರಗಿಸಿ ಮಾರಿಬಿಟ್ಟಿದ್ದೆ. ಅದರ ಜೋಡಿ ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾದಲ್ಲಿ, ಬಾಬಿನ್ನುಗಳ ನಡುವೆ ಸಿಕ್ಕಿತು. ತಿರುಪಿನ ಸಮೇತ.

ನಮಸ್ಕಾರ.