ಎಂಟು ಟ್ಯಾಂಕರ್ ನೀರಿಗೆ ಒಂದು ಗ್ರಾಂ

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದಲ್ಲಿ ಕ್ಲಿಯರ್ ಲೇಕ್ ಅಂತ ಒಂದು ದೊಡ್ಡ ಸರೋವರ ಇದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಹೆಚ್ಚುಕಮ್ಮಿ 150 ಕಿಲೋಮೀಟರ್. ಗಾಳ ಹಾಕಿ ಮೀನು ಹಿಡಿಯುವವರಿಗೆ ಅಚ್ಚುಮೆಚ್ಚಿನ ಜಾಗ. 1940ರ ದಶಕದಲ್ಲಿ ಅಲ್ಲಿಗೆ ಬಂದವರೆಲ್ಲ ಹೇಳುತ್ತಿದ್ದ ದೂರು ಒಂದೇ, ನೊರಜಿನ ಕಾಟ. ಸಂಜೆ ದೀಪ ಹಾಕಿದರೆ ಸಾಕು, ರಾಶಿ ರಾಶಿ ಬಂದು ಮುತ್ತುತ್ತಿದ್ದವು. ನೋಡುವುದಕ್ಕೆ ಸೊಳ್ಳೆಯೇ. ಆದರೆ ಈ ನೊರಜು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ರೋಗವನ್ನೂ ಹರಡುವುದಿಲ್ಲ. ಸುಮ್ನೆ ಕಿರಿಕಿರಿ, ಅಷ್ಟೇ. ಮುಂದಿನದ್ದನ್ನು ಕೇಳುವಾಗ ಈ ಮಾತು ತಲೆಯಲ್ಲಿರಲಿ.

ನೊರಜಿನ ಮರಿಹುಳುಗಳು ಬೆಳೆಯುವುದು ಸರೋವರದ ನೀರಿನಲ್ಲಿ, ತಳದ ಕೆಸರಿನಲ್ಲಿ. ಹಾಗಾಗಿ ನೀರಿಗೇ ಔಷಧಿ ಹಾಕೋಣ ಅಂತ ತೀರ್ಮಾನವಾಯಿತು. ಆರಿಸಿಕೊಂಡಿದ್ದು ಡಿಡಿಡಿ. ನಮಗೆಲ್ಲ ಗೊತ್ತಿರುವ ಡಿಡಿಟಿಯ ದಾಯಾದಿ ಇದು. ಮೀನಿಗೆ ಡಿಡಿಟಿಯಷ್ಟು ತೊಂದರೆ ಕೊಡುವುದಿಲ್ಲ ಎಂಬ ಕಾರಣಕ್ಕೇ ಇದನ್ನು ಆರಿಸಿದ್ದು. ಲೆಕ್ಕ ಹಾಕಿದವರು ಪೆದ್ದರೇನಲ್ಲ. ಸರೋವರದಲ್ಲಿ ಎಷ್ಟು ನೀರಿದೆ ಅಂತ ಅಳೆದು, 1949ರಲ್ಲಿ ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಂತೆ ವಿಷ ಬೆರೆಸಿದರು. ನೊರಜು ಬಹುತೇಕ ಸತ್ತುಹೋಯಿತು. ಎಲ್ಲರಿಗೂ ಖುಷಿ. ಎರಡು ವರ್ಷದಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. 1954ರಲ್ಲಿ ಎರಡನೇ ಸಲ, 1957ರಲ್ಲಿ ಮೂರನೇ ಸಲ ಹಾಕಿದರು. ಈ ಎರಡು ಸಲವೂ ಸ್ವಲ್ಪ ಜಾಸ್ತಿ, ಐದು ಕೋಟಿಗೆ ಒಂದು ಪಾಲು.

ಐದು ಕೋಟಿಗೆ ಒಂದು ಅಂದರೆ ಎಷ್ಟು? ಬೆಂಗಳೂರಿನ ಬೀದಿಗಳಲ್ಲಿ ಓಡಾಡುತ್ತವಲ್ಲ, ಆರು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳು, ಅಂಥವು ಎಂಟು ತುಂಬಿಸಿ ನಿಲ್ಲಿಸಿ. ಅಷ್ಟಕ್ಕೂ ಸೇರಿ ಒಂದೇ ಒಂದು ಗ್ರಾಂ. ಇಷ್ಟರಿಂದ ಯಾರಿಗೆ ಏನಾದೀತು ಅಂತ ನಾನೂ ನೀವೂ ಆ ಸಭೆಯಲ್ಲಿ ಕೂತಿದ್ದರೆ ತಲೆ ಆಡಿಸುತ್ತಿದ್ದೆವು, ಅಲ್ವಾ?

ಆ ಸರೋವರದಲ್ಲಿ ವೆಸ್ಟರ್ನ್ ಗ್ರೀಬ್ ಎಂಬ ಹಕ್ಕಿ ಇದೆ. ನಮ್ಮ ಕೆರೆಗಳಲ್ಲಿ ಬುಳಕ್ಕನೆ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ ನೋಡಿದ್ದೀರಲ್ಲ, ಅದರದೇ ಕುಲದ ದೊಡ್ಡ ಹಕ್ಕಿ ಇದು. ಉದ್ದ ಕತ್ತು, ಮುಂದೆ ಬಿಳಿ, ಹಿಂದೆ ಕಪ್ಪು. ಕಣ್ಣು ಕೆಂಪು. ಜೊತೆ ಕಟ್ಟುವ ಕಾಲದಲ್ಲಿ ಗಂಡು ಹೆಣ್ಣು ಎರಡೂ ನೀರಿನಿಂದ ಎದ್ದು ನಿಂತು, ಕತ್ತು ಬಾಗಿಸಿಕೊಂಡು, ಪಕ್ಕಪಕ್ಕದಲ್ಲೇ ನೀರಿನ ಮೇಲೆ ಓಡುತ್ತವೆ. ನಿಜವಾಗಿಯೂ ಓಡುತ್ತವೆ, ಈಜುವುದಲ್ಲ. ಜೊಂಡು ಕೂಡಿಸಿ ತೇಲುವ ಗೂಡು ಕಟ್ಟುತ್ತವೆ. ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ. ವಿಷ ಹಾಕುವ ಮೊದಲು ಅಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಜೋಡಿ ಮರಿ ಮಾಡುತ್ತಿದ್ದವು.

1954ರ ಡಿಸೆಂಬರಿನಲ್ಲಿ ನೂರು ಗ್ರೀಬ್‌ಗಳು ಸತ್ತು ಬಿದ್ದಿದ್ದವು. ಏನೋ ಅಂಟುರೋಗ ಇರಬೇಕು ಅಂದುಕೊಂಡರು. ಕೊಯ್ದು ನೋಡಿದರೆ ರೋಗದ ಸುಳಿವೇ ಇಲ್ಲ. 1957ರಲ್ಲಿ ಮತ್ತೆ ಅದೇ ಕಥೆ. ಆಗ ಯಾರಿಗೋ ಹೊಳೆಯಿತು, ಹಕ್ಕಿಯ ಕೊಬ್ಬನ್ನು ಪರೀಕ್ಷೆಗೆ ಕಳಿಸೋಣ ಅಂತ. ಫಲಿತಾಂಶ ಬಂತು. ಹತ್ತು ಲಕ್ಷ ಪಾಲಿನಲ್ಲಿ 1,600 ಪಾಲು ಡಿಡಿಡಿ. ಒಂದು ಕಿಲೋ ಕೊಬ್ಬಿನಲ್ಲಿ ಒಂದೂವರೆ ಗ್ರಾಮಿಗೂ ಜಾಸ್ತಿ. ನೀರಿಗೆ ಹಾಕಿದ್ದಕ್ಕೆ ಹೋಲಿಸಿದರೆ 80,000 ಪಟ್ಟು.

ಇನ್ನೂ ಸೋಜಿಗದ ಸಂಗತಿ ಅಂದರೆ, ವಿಷ ಹಾಕಿದ ಸ್ವಲ್ಪ ದಿನಕ್ಕೆ ನೀರನ್ನು ಪರೀಕ್ಷೆ ಮಾಡಿದರೆ ಅದರಲ್ಲಿ ಡಿಡಿಡಿ ಸಿಗುತ್ತಲೇ ಇರಲಿಲ್ಲ. ನೀರು ಶುದ್ಧ! ಹಾಗಾದರೆ ವಿಷ ಹೋಗಿದ್ದೆಲ್ಲಿಗೆ? ಮೆಟ್ಟಿಲು ಮೆಟ್ಟಿಲಾಗಿ ಹುಡುಕಿದರು. ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಪ್ಲಾಂಕ್ಟನ್ ಅನ್ನುತ್ತಾರಲ್ಲ, ಅವುಗಳಲ್ಲಿ ಹತ್ತು ಲಕ್ಷಕ್ಕೆ ಸುಮಾರು 5 ಪಾಲು. ಅವನ್ನು ತಿನ್ನುವ ಮೀನುಗಳಲ್ಲಿ 40ರಿಂದ 300. ಸಣ್ಣಪುಟ್ಟ ಜೀವಿಗಳನ್ನೆಲ್ಲ ನುಂಗುವ ಒಂದು ಜಾತಿಯ ಬೆಕ್ಕುಮೀನಿನ ಕೊಬ್ಬಿನಲ್ಲಿ 2,500ರವರೆಗೂ ಸಿಕ್ಕಿತು. ನೀರಿನಲ್ಲಿದ್ದ ವಿಷ ಮಾಯವಾಗಿರಲಿಲ್ಲ. ಅದು ಜೀವಿಗಳ ಮೈಯೊಳಗೆ ಸೇರಿಕೊಂಡಿತ್ತು.

1960ರ ಹೊತ್ತಿಗೆ ಉಳಿದಿದ್ದು ಮೂವತ್ತು ಜೋಡಿ. ಅವೂ ಗೂಡು ಕಟ್ಟುತ್ತಿದ್ದವು, ಆದರೆ ಮರಿಗಳು ಕಾಣುತ್ತಿರಲಿಲ್ಲ. ನೊರಜು ಮಾತ್ರ ಆ ವಿಷಕ್ಕೆ ಒಗ್ಗಿಕೊಳ್ಳುತ್ತಾ ಬಂದಿತ್ತು. ಮೂರನೇ ಸಲ ಹಾಕಿದಾಗಲೇ ಮೊದಲಿನಷ್ಟು ಸಾಯಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೋ ಸಿಟ್ಟು ಬರುತ್ತದೋ ಹೇಳಲಾರೆ.

ಇದು ಆಗುವುದು ಹೇಗೆ? ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿಯುತ್ತಿದೆ ಅಂದುಕೊಳ್ಳಿ. ಅದಕ್ಕೊಂದು ಹಿಡಿ ಉಪ್ಪು ಬಿತ್ತು. ಹಾಲು ಕುಡಿದರೆ ಉಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ನೀರೆಲ್ಲ ಆವಿಯಾಗಿ ಬೆಲ್ಲ ಆಗುವ ಹೊತ್ತಿಗೆ ಅಷ್ಟೂ ಉಪ್ಪು ಆ ಸ್ವಲ್ಪ ಬೆಲ್ಲದಲ್ಲೇ ಕೂತಿರುತ್ತದೆ. ಪ್ರಾಣಿಗಳ ಮೈಯಲ್ಲೂ ಹೀಗೇ. ತಿಂದ ಆಹಾರದಲ್ಲಿ ಹೆಚ್ಚಿನ ಪಾಲು ಓಡಾಟಕ್ಕೆ, ಉಸಿರಾಟಕ್ಕೆ, ಮೈ ಬಿಸಿ ಇಟ್ಟುಕೊಳ್ಳುವುದಕ್ಕೆ ಉರಿದುಹೋಗುತ್ತದೆ. ಮೈಗೆ ಹತ್ತುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಡಿಡಿಟಿಯಂಥ ವಿಷ ಮಾತ್ರ ಉರಿಯುವುದಿಲ್ಲ.

ಹಾಗಂತ ಎಲ್ಲ ರಾಸಾಯನಿಕಗಳೂ ಹೀಗೆ ಮೇಲೇರುವುದಿಲ್ಲ. ಜ್ವರಕ್ಕೆ ನುಂಗಿದ ಮಾತ್ರೆಯನ್ನು ನಮ್ಮ ಲಿವರ್ ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಡಿಡಿಟಿ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಕೊಬ್ಬಿನಲ್ಲಿ ಕೂತುಬಿಡುತ್ತದೆ, ವರ್ಷಗಟ್ಟಲೆ. ಪ್ರಾಣಿ ಹಸಿದಾಗ ಆ ಕೊಬ್ಬು ಕರಗುತ್ತದೆ ನೋಡಿ, ಆಗ ಕೂಡಿಟ್ಟ ವಿಷ ಮತ್ತೆ ರಕ್ತಕ್ಕೆ ಬರುತ್ತದೆ.

ಡಿಡಿಟಿಯನ್ನು ಸುಮ್ನೆ ಬೈದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. 1946ರಲ್ಲಿ, ಆಗಿನ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ ಮತ್ತು ಉತ್ತರ ಕನ್ನಡದ ಹಳ್ಳಿಗಳಲ್ಲಿ ಡಿ.ಕೆ. ವಿಶ್ವನಾಥನ್ ಎಂಬ ಮಲೇರಿಯಾ ತಜ್ಞರು ಮನೆಗಳ ಒಳಗೆ ಡಿಡಿಟಿ ಹೊಡೆಸುವ ದೊಡ್ಡ ಕಾರ್ಯಕ್ರಮ ನಡೆಸಿದರು. ಚಳಿಜ್ವರಕ್ಕೆ ಜನ ಊರು ಬಿಟ್ಟುಹೋಗುತ್ತಿದ್ದ ಸೀಮೆ ಅದು. ಜ್ವರ ಇಳಿಯಿತು. ಮುಂದೆ 1953ರಲ್ಲಿ ಇಡೀ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಯೊಳಗಿನ ಗೋಡೆಗೆ ಹೊಡೆದ ಡಿಡಿಟಿ ಹೆಚ್ಚಾಗಿ ಗೋಡೆಯಲ್ಲೇ ಇರುತ್ತದೆ, ಬಂದು ಕೂತ ಸೊಳ್ಳೆಯನ್ನು ಕೊಲ್ಲುತ್ತದೆ. ಅದನ್ನೇ ಹೊಲಕ್ಕೋ ಕೆರೆಗೋ ಸುರಿದರೆ ಊಟದ ದಾರಿ ಹಿಡಿಯುತ್ತದೆ. ವಿಷ ಒಂದೇ, ಹಾಕುವ ಜಾಗ ಬೇರೆ. ನಮ್ಮ ಸರ್ಕಾರ 1989ರಲ್ಲಿ ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು ನಿಲ್ಲಿಸಿ, ರೋಗ ಹರಡುವ ಕೀಟಗಳ ಮೇಲೆ ಹೊಡೆಯುವುದಕ್ಕೆ ಮಾತ್ರ ಉಳಿಸಿಕೊಂಡಿದ್ದು ಈ ಕಾರಣಕ್ಕೆ ಸರಿಯಾದ ತೀರ್ಮಾನ ಅಂತ ನನ್ನ ಅನಿಸಿಕೆ.

ಇಷ್ಟು ಹೊತ್ತು ಹಕ್ಕಿಗಳ ಮಾತಾಯಿತು. ಮೆಟ್ಟಿಲಿನ ತುದಿಯಲ್ಲಿ ಮನುಷ್ಯ ಕೂತಿದ್ದರೆ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1980ರ ದಶಕದಲ್ಲಿ ಎರಿಕ್ ಡಿವಾಯಿ ಎಂಬ ವೈದ್ಯರು ಎದೆಹಾಲಿನಲ್ಲಿ ಪಿಸಿಬಿ ಎಷ್ಟಿದೆ ಅಂತ ಅಳೆಯುತ್ತಿದ್ದರು. ಪಿಸಿಬಿ ಅಂದರೆ ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಎಣ್ಣೆಯಂಥ ರಾಸಾಯನಿಕ. ಹೋಲಿಸಿ ನೋಡುವುದಕ್ಕೆ ಅವರಿಗೆ ಶುದ್ಧವಾದ ಹಾಲು ಬೇಕಿತ್ತು. ಕಾರ್ಖಾನೆಯ ಗಾಳಿಯೇ ಸೋಕದ ಉತ್ತರ ತುದಿಯ ಇನುಯಿಟ್ ಎಂಬ ಮೂಲನಿವಾಸಿ ತಾಯಂದಿರ ಹಾಲನ್ನು ತರಿಸಿದರು. ಅದರಲ್ಲಿ ಪಿಸಿಬಿ ದಕ್ಷಿಣದ ಪಟ್ಟಣಗಳ ತಾಯಂದಿರಿಗಿಂತ ಸುಮಾರು ಐದು ಪಟ್ಟು ಇತ್ತು!

ಆ ತಾಯಂದಿರು ಟ್ರಾನ್ಸ್‌ಫಾರ್ಮರ್ ಮುಟ್ಟಿದವರಲ್ಲ. ಗಾಳಿ ಮತ್ತು ಸಮುದ್ರದ ಹರಿವಿನ ಜೊತೆ ಆ ವಿಷ ಉತ್ತರಕ್ಕೆ ಹೋಗಿ, ಚಳಿಗೆ ಅಲ್ಲೇ ಇಳಿದಿತ್ತು. ಪ್ಲಾಂಕ್ಟನ್, ಸಣ್ಣ ಮೀನು, ದೊಡ್ಡ ಮೀನು, ಸೀಲ್, ಬೆಲುಗಾ ತಿಮಿಂಗಿಲ, ಹೀಗೆ ಉದ್ದ ಸರಪಳಿ ಅದು. ಇನುಯಿಟ್ ಜನರ ಊಟದಲ್ಲಿ ಸೀಲ್ ಮತ್ತು ತಿಮಿಂಗಿಲದ ಕೊಬ್ಬಿಗೆ ದೊಡ್ಡ ಜಾಗ. ತಾಯಿಯ ಹಾಲು ಕುಡಿಯುವ ಕೂಸು ಅವಳಿಗಿಂತ ಒಂದು ಮೆಟ್ಟಿಲು ಮೇಲೆ. ಹಾಗಿದ್ದೂ ಎದೆಹಾಲು ನಿಲ್ಲಿಸಿ ಅಂತ ಅಲ್ಲಿನ ವೈದ್ಯರು ಹೇಳಲಿಲ್ಲ. ಹಾಲಿನಿಂದ ಸಿಗುವ ಲಾಭ ಅದಕ್ಕಿಂತ ದೊಡ್ಡದು.

ಈಗ ಪಾದರಸದ ವಿಷಯ. ಇದರ ದಾರಿ ಸ್ವಲ್ಪ ಬೇರೆ. ಪಾದರಸವು ಮಿಥೈಲ್ ಪಾದರಸವಾದಾಗ ಕೊಬ್ಬಿಗಿಂತ ಹೆಚ್ಚಾಗಿ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಜಪಾನಿನ ಮಿನಮಾಟಾ ಕೊಲ್ಲಿಗೆ ಒಂದು ರಾಸಾಯನಿಕ ಕಾರ್ಖಾನೆ ಇದನ್ನು ಬಿಡುತ್ತಿತ್ತು. ಅಲ್ಲಿನ ಮೀನು ತಿಂದವರಿಗೆ ಬಂದ ನರಗಳ ಕಾಯಿಲೆ 1956ರಲ್ಲಿ ಅಧಿಕೃತವಾಗಿ ಗೊತ್ತಾಯಿತು. ಕಾರ್ಖಾನೆ ವಿಷ ಬಿಡುವುದು ನಿಂತಿದ್ದು 1968ರಲ್ಲಿ. ತಾಯಂದಿರು ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದರೂ ಮಕ್ಕಳು ಹುಟ್ಟುವಾಗಲೇ ಕಾಯಿಲೆಯಿಂದ ಹುಟ್ಟುತ್ತಿದ್ದವು. ಇದು ಹೊಟ್ಟೆಯಲ್ಲಿದ್ದಾಗಲೇ ತಗುಲಿದ ವಿಷ ಅಂತ ವರ್ಷಗಳ ನಂತರ ತೋರಿಸುವುದು ಹೇಗೆ? ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಇಡುವ ರೂಢಿ ಜಪಾನಿನಲ್ಲಿದೆ. ನಮ್ಮಲ್ಲೂ ಕೆಲವು ಮನೆಗಳಲ್ಲಿ ಅದನ್ನು ತಾಯತದೊಳಗೆ ಇಟ್ಟು ಮಗುವಿಗೆ ಕಟ್ಟುತ್ತಾರಲ್ಲ, ಹಾಗೆ. ಡಾಕ್ಟರ್ ಮಸಜುಮಿ ಹರಾಡಾ ಮನೆಮನೆಯಿಂದ ಆ ತುಂಡುಗಳನ್ನು ಕೇಳಿ ಪಡೆದು ಪರೀಕ್ಷೆ ಮಾಡಿಸಿದರು. ಪಾದರಸ ಅದರಲ್ಲೇ ಇತ್ತು.

ನಮ್ಮ ಕರಾವಳಿಯ ಊಟಕ್ಕೆ ಇದರಿಂದ ಏನು ತಿಳಿಯುತ್ತದೆ ಅಂತ ಕೇಳಬಹುದು. ಮೀನಿನ ಚರ್ಮ, ಕೊಬ್ಬು ತೆಗೆದು ಬೇಯಿಸಿದರೆ ಡಿಡಿಟಿ, ಪಿಸಿಬಿಯಂಥವು ಕಮ್ಮಿಯಾಗುತ್ತವೆ. ಪಾದರಸ ಕಮ್ಮಿಯಾಗುವುದಿಲ್ಲ, ಅದು ಮಾಂಸದಲ್ಲೇ ಇರುತ್ತದೆ. ಬೇಟೆಯಾಡಿ ತಿನ್ನುವ, ತುಂಬ ವರ್ಷ ಬದುಕುವ ಶಾರ್ಕ್‌ನಂಥ ಮೀನುಗಳಲ್ಲಿ ಅದು ಜಾಸ್ತಿ. ಅಂಜಲ್ ಕೂಡ ಬೇಟೆಗಾರ ಮೀನೇ, ದೊಡ್ಡದಾದಷ್ಟೂ ಪಾದರಸ ಹೆಚ್ಚಿರುವ ಸಂಭವ ಇರುತ್ತದೆ. ಬಸುರಿಯರು ಶಾರ್ಕ್ ತಿನ್ನಬಾರದು ಅಂತ ವೈದ್ಯರು ಹೇಳುವುದು ಇದಕ್ಕೇ. ಆದರೆ ಮೀನನ್ನೇ ಬಿಡಬೇಕಾಗಿಲ್ಲ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಅದು ಒಳ್ಳೆಯದೇ. ಮಂಗಳೂರಿನ ಬೂತಾಯಿ, ಕಾರವಾರದ ಕಡೆ ತಾರ್ಲೆ ಅನ್ನುತ್ತಾರೆ, ಪ್ಲಾಂಕ್ಟನ್ ತಿಂದು ಬೆಳೆಯುವ ಸಣ್ಣ ಮೀನು. ಹೆಚ್ಚು ವರ್ಷ ಬದುಕುವುದೂ ಇಲ್ಲ. ಪಾದರಸ ಕೂಡಿಹಾಕಿಕೊಳ್ಳುವುದಕ್ಕೆ ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಮೀನು ಪೇಟೆಯಲ್ಲಿ ಬೆಲೆಯೂ ಅಂಜಲ್‌ಗಿಂತ ಕಮ್ಮಿ.

ನಮಸ್ಕಾರ.