ಚೊಚ್ಚಲ ಬಾಣಂತಿ ಕೆಂಪಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಬದಿಯಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದಿನ ಆಷಾಢ. ಮಳೆ ಒಂದೇ ಸಮ ಹೊಡೆಯುತ್ತಿತ್ತು. ಕರೆಂಟು ಹೋಗಿ ಎರಡು ದಿನ ಆಗಿತ್ತು. ಅವತ್ತು ರಾತ್ರಿ ನಮ್ಮ ನಾಯಿ ಕೆಂಪಿ ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಪಕ್ಕದ ಸೌದೆ ರಾಶಿಯ ಹಿಂದೆ ಮೊದಲ ಮರಿ ಹಾಕಿದಳು. ಹಾಕಿದವಳೇ ದಡಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡು ನಿಂತಳು. ನೆಲದ ಮೇಲೆ ತೆಳ್ಳನೆಯ ಚೀಲದೊಳಗೆ ಏನೋ ಅಲ್ಲಾಡುತ್ತಿತ್ತು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಬಾಲ ಕಾಲ ಸಂದಿಯಲ್ಲಿ ಅಡಗಿತ್ತು. ಅದು ತನ್ನ ಮರಿ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕೆಂಪಿಗೆ ಆಗ ಬರೀ ಒಂದು ವರ್ಷ.

ನಾನು ಕೂತು ಮರಿಯ ಮೂಗಿನ ಹತ್ತಿರ ಚೀಲ ಹರಿದೆ. ತಾಯಿ ಒಂದೆರಡು ನಿಮಿಷದೊಳಗೆ ಹರಿಯದಿದ್ದರೆ ನಾವೇ ಹರಿಯಬೇಕು. ಇಲ್ಲದಿದ್ದರೆ ಮರಿ ಒಳಗೇ ಉಸಿರು ಕಟ್ಟಿ ಹೋಗುತ್ತದೆ. ಬಾಯಿ, ಮೂಗು ಒರೆಸಿ, ತಲೆ ಸ್ವಲ್ಪ ಕೆಳಗಾಗುವ ಹಾಗೆ ಹಿಡಿದು, ಹಳೇ ಟವೆಲಿನಿಂದ ಬೆನ್ನು ತಿಕ್ಕಿದೆ. ತಾಯಿಯ ನಾಲಿಗೆ ಮಾಡುವ ಕೆಲಸ ಅದು. ತಿಕ್ಕಿದ ಹಾಗೆ ಎದೆ ಏರಿಳಿಯಿತು, ಆಮೇಲೆ ಸಣ್ಣಗೆ ಕುಂಯ್ ಎಂದಿತು. ಹೊಟ್ಟೆಯಿಂದ ಒಂದು ಇಂಚು ಬಿಟ್ಟು ಹೊಕ್ಕಳ ಬಳ್ಳಿಗೆ ದಾರ ಕಟ್ಟಿ, ಕುದಿಸಿಟ್ಟ ಕತ್ತರಿಯಿಂದ ಕತ್ತರಿಸಿದೆ. ಮರಿಯನ್ನು ಕೆಂಪಿಯ ಮುಂದೆ ಹಿಡಿದರೆ ಅವಳು ಮುಖ ತಿರುಗಿಸಿದಳು. ಇನ್ನೂ ಹತ್ತಿರ ತಂದಾಗ ಗುರ್ರ್ ಎಂದಳು.

ನನಗೆ ಅಳುವೇ ಬಂತು. ಲಾಟೀನು ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂದರು: "ಹೆದ್ರಡ ಕೂಸೇ, ಅದ್ಕೂ ಹೊಸತು."

ಅತ್ತೆ ನಾಯಿ ಬಾಣಂತನ ಮಾಡಿಸಿದವರಲ್ಲ. ಆದರೆ ಕೊಟ್ಟಿಗೆಯಲ್ಲಿ ಎಷ್ಟೋ ದನಗಳ ಕರು ಹಿಡಿದವರು. ಚೊಚ್ಚಲ ಕರು ಹಾಕಿದ ಹಸು ಒಮ್ಮೊಮ್ಮೆ ಕರುವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಆಗ ಕರುವಿನ ಮೈಗೆ ಚೂರು ಉಪ್ಪೋ ತೌಡೋ ಸವರಿ ಹಸುವಿನ ಮುಂದೆ ಬಿಡುತ್ತಿದ್ದರು. ಉಪ್ಪಿನ ಆಸೆಗೆ ಹಸು ನೆಕ್ಕುತ್ತದೆ. ನೆಕ್ಕುತ್ತ ನೆಕ್ಕುತ್ತ ಕರುವಿನ ವಾಸನೆ ಹಿಡಿಯುತ್ತದೆ. ಆಮೇಲೆ ಅದೇ ಕರುವಿಗಾಗಿ ಅಂಬಾ ಎಂದು ಕೂಗುತ್ತದೆ. ನಾಯಿಮರಿಗೆ ಉಪ್ಪು ಸವರಬೇಡಿ. ಅಷ್ಟು ಎಳೆಯ ಮೈಗೆ ಅದು ಒಳ್ಳೆಯದಲ್ಲ. ಬೇಕಾದದ್ದು ತಾಯಿಯ ಮೈಯಲ್ಲೇ ಇದೆ. ಹೆರಿಗೆಯ ನೀರಿನಲ್ಲಿ ಒದ್ದೆಯಾದ ಅದೇ ಟವೆಲನ್ನು ಮರಿಯ ಬೆನ್ನಿಗೆ ಸವರಿ, ತಾಯಿಯ ಮೂಗಿನ ಹತ್ತಿರ ಇಡಿ. ಆ ವಾಸನೆ ಅವಳದೇ. ಅದಕ್ಕೇ ಮರಿಯನ್ನು ಸೋಪು ಹಾಕಿ ತೊಳೆಯಬಾರದು, ಪೌಡರ್ ಹಾಕಬಾರದು. ಕೆಲವರು ಪ್ರೀತಿಯಿಂದ ಡೆಟಾಲ್ ನೀರಲ್ಲಿ ಒರೆಸುತ್ತಾರೆ. ಮರಿಯ ಗುರುತನ್ನೇ ಅಳಿಸಿದ ಹಾಗೆ ಆಗುತ್ತದೆ ಅದು.

ಎರಡನೇ ಮರಿ ಬರುವ ಹೊತ್ತಿಗೆ ಬಚ್ಚಲ ಬಾಗಿಲಲ್ಲಿ ಮನೆಯವರೆಲ್ಲ ಸೇರಿದ್ದರು. ಮಗ ಮೊಬೈಲ್ ಟಾರ್ಚ್ ಬಿಡುತ್ತಿದ್ದ. ಪಕ್ಕದ ಮನೆಯ ಮಕ್ಕಳೂ ಕೊಪ್ಪೆ ಹೊದ್ದು ಬಂದಿದ್ದರು. ನಾನು ಎಲ್ಲರನ್ನೂ ಕಳಿಸಿದೆ. ನಮ್ಮಲ್ಲಿ ಬಾಣಂತಿ ಕೋಣೆ ಎಂದರೆ ಹೇಗಿರುತ್ತದೆ ಹೇಳಿ? ಮಬ್ಬು ಬೆಳಕು, ಬೆಚ್ಚಗೆ, ಗಾಳಿ ಹೊಡೆಯದ ಮೂಲೆ, ಬಂದವರೆಲ್ಲ ನುಗ್ಗುವ ಹಾಗಿಲ್ಲ. ನಾಯಿಗೂ ಬೇಕಾದ್ದು ಅಷ್ಟೇ. ಗಲಾಟೆಗೆ ಹೆದರಿದ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಕೆಲವೊಮ್ಮೆ ಮರಿಗೆ ಜೋರಾಗಿ ಹಲ್ಲೂ ತಾಗಿಬಿಡುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ, ಅಲ್ವಾ? ಸಾಕಿದ ನಾಯಿಯ ಮಟ್ಟಿಗೆ ಅದು ನಿಜವಲ್ಲ. ಅದು ನಂಬುವ ಒಬ್ಬರ ಕೈ ತೊಂದರೆಯೇ ಅಲ್ಲ. ಹತ್ತು ಜನರ ಕೈ, ಹತ್ತು ಜನರ ಮಾತು, ಅದು ತೊಂದರೆ.

ಆಮೇಲೆ ಇನ್ನೂ ಎರಡು ಮರಿ ಬಂದವು. ಒಟ್ಟು ನಾಲ್ಕು. ಅವಳು ಒಂದನ್ನೂ ನೆಕ್ಕಲಿಲ್ಲ. ಮಾಸು ಮಾತ್ರ ತಿಂದಳು. ನಾಯಿಗಳು ಹಾಗೆ ತಿನ್ನುವುದು ಸಹಜ, ಗಾಬರಿ ಬೇಡ.

ಅಡಿಕೆ ಹೊರುವ ಹೆಡಿಗೆಯಲ್ಲಿ ಹಳೇ ಹತ್ತಿ ಸೀರೆ ಹಾಸಿ ಮರಿಗಳನ್ನು ಮಲಗಿಸಿದೆ. ಒಂದು ಬದಿಗೆ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಇನ್ನೊಂದು ಬದಿ ಹಾಗೇ ಬಿಟ್ಟೆ, ಸೆಕೆಯಾದರೆ ಅವು ತೆವಳಿ ಆ ಕಡೆ ಹೋಗಬೇಕಲ್ಲ. ಈ ಬಿಸಿಯ ವಿಷಯ ಸ್ವಲ್ಪ ಒತ್ತಿ ಹೇಳುತ್ತೇನೆ. ಹುಟ್ಟಿದ ನಾಯಿಮರಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಚಳಿಗೆ ನಡುಗಲಿಕ್ಕೂ ಬರುವುದಿಲ್ಲ. ಮೊದಲ ವಾರ ಅದು ಮಲಗುವ ಜಾಗ ಸುಮಾರು 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಮಳೆಗಾಲದ ರಾತ್ರಿಯಲ್ಲಿ ಒಲೆಯ ಪಕ್ಕ ಬಿಟ್ಟರೆ ಬೇರೆಲ್ಲಿ ಅಷ್ಟು ಬಿಸಿ ಸಿಗುತ್ತದೆ? ಮರಿಯ ಬಾಯೊಳಗೆ ಕಿರುಬೆರಳು ಇಟ್ಟು ನೋಡಿ. ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಸರಿ. ತಣ್ಣಗಿದ್ದು ಚೀಪದಿದ್ದರೆ ಆಗ ಹಾಲು ಹಾಕಲೇಬೇಡಿ. ತಣ್ಣಗಾದ ಮರಿಯ ಹೊಟ್ಟೆ ಹಾಲು ಅರಗಿಸುವುದಿಲ್ಲ. ಮೊದಲು ಎದೆಗೆ ಅವುಚಿಕೊಂಡು ನಿಧಾನ ಬೆಚ್ಚಗೆ ಮಾಡಿ, ಆಮೇಲೆ ಹಾಲು. ಇದು ಗೊತ್ತಿಲ್ಲದೆ ಎಷ್ಟೋ ಮರಿಗಳು ಹೋಗುತ್ತವೆ. ಹಸಿದಿದೆ ಎಂದು ಕುಡಿಸಿ ಕುಡಿಸಿ ಕಳೆದುಕೊಳ್ಳುತ್ತೇವೆ.

ಸರಿ, ಈಗ ಕೆಂಪಿಯ ಹತ್ತಿರ ಬರೋಣ. ಅವಳಿಗೆ ಉಗುರು ಬೆಚ್ಚಗಿನ ಗಂಜಿ ಕೊಟ್ಟೆ. ಹೆದರಿಕೆಯಲ್ಲೂ ಕುಡಿದಳು. ಗೋಣಿ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒಂದು ಕೈ ಅವಳ ಕುತ್ತಿಗೆಯ ಮೇಲೆ, ಕಿವಿ ಸವರುತ್ತ. ಇನ್ನೊಂದು ಕೈಯಲ್ಲಿ ಒಂದೇ ಮರಿ. ಎಲ್ಲವನ್ನೂ ಒಟ್ಟಿಗೆ ತರಬೇಡಿ, ಅವಳಿಗೆ ಅದು ದಾಳಿಯ ಹಾಗೆ ಕಾಣುತ್ತದೆ. ಹಿಂಗಾಲಿನ ಹತ್ತಿರದ ಮೊಲೆಗಳಲ್ಲಿ ಸಾಮಾನ್ಯವಾಗಿ ಹಾಲು ಜಾಸ್ತಿ. ಅಲ್ಲಿ ಒಂದು ಹನಿ ಹಿಂಡಿ, ಮರಿಯ ತುಟಿಗೆ ಸವರಿ, ಬಾಯಿ ಹಚ್ಚಿದೆ. ಮರಿ ಹಿಡಿಯಿತು. ಕೆಂಪಿ ಬೆಚ್ಚಿ ಏಳಲು ನೋಡಿದಳು. ಒತ್ತಿ ಹಿಡಿಯಲಿಲ್ಲ. ಸುಮ್ನೆ ಕೈ ಇಟ್ಟುಕೊಂಡು, ದಿನಾ ಕರೆಯುವ ದನಿಯಲ್ಲೇ ಮಾತಾಡಿಸಿದೆ. ಐದು ನಿಮಿಷ ಇದ್ದಳು, ಅಷ್ಟೇ. ಸಾಕು ಎಂದು ಮರಿಯನ್ನು ಹೆಡಿಗೆಗೆ ಹಾಕಿದೆ. ಇನ್ನೊಂದನ್ನು ತಂದೆ. ಒಂದೂವರೆ ಗಂಟೆ ಬಿಟ್ಟು ಮತ್ತೆ ಅದೇ. ಅವಳು ಗುರುಗುಟ್ಟಿದರೆ ಗದರಿಸಲಿಲ್ಲ. ಬೈಸಿಕೊಂಡ ನಾಯಿ, ಮರಿ ಎಂದರೆ ಬೈಗುಳ ಎಂದು ನೆನಪಿಟ್ಟುಕೊಳ್ಳುತ್ತದೆ.

ಇಷ್ಟು ಹಟ ಯಾಕೆ ಎಂದರೆ, ಮೊದಲ ದಿನದ ಗಿಣ್ಣು ಹಾಲು. ರೋಗ ತಡೆಯುವ ಶಕ್ತಿ ಮರಿಗೆ ಬಹುಪಾಲು ಅದರಲ್ಲೇ ಬರುವುದು. ಮೊದಲ 12 ಗಂಟೆಯಲ್ಲಿ ಮರಿಯ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 24 ಗಂಟೆ ದಾಟಿದರೆ ಆ ಬಾಗಿಲು ಮುಚ್ಚಿದ ಹಾಗೇ. ಇನ್ನೊಂದು ಕಾರಣವೂ ಇದೆ. ಮರಿ ಮೊಲೆ ಚೀಪಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬರುತ್ತದೆ. ಹಾಲು ಇಳಿಸುವುದು ಅದೇ, ಗರ್ಭಕೋಶ ಕುಗ್ಗಿಸುವುದು ಅದೇ, ಮರಿಯ ಮೇಲೆ ಮನಸ್ಸು ಬರಿಸುವುದರಲ್ಲೂ ಅದರ ಕೈ ದೊಡ್ಡದು. ಹಾಗಾಗಿ ಪ್ರೀತಿ ಬಂದ ಮೇಲೆ ಹಾಲು ಕೊಡಲಿ ಎಂದು ಕಾಯುತ್ತ ಕೂರಬೇಡಿ. ಹಾಲು ಕುಡಿಸಿ, ಪ್ರೀತಿ ಅದರ ಹಿಂದೆಯೇ ಬರುತ್ತದೆ. ಆಪರೇಷನ್ ಮಾಡಿ ಮರಿ ತೆಗೆಸಿದ ನಾಯಿಗೆ ಇದು ಇನ್ನೂ ಜಾಸ್ತಿ ಬೇಕು. ಅದು ಮಂಪರಿನಿಂದ ಎದ್ದಾಗ ಪಕ್ಕದಲ್ಲಿ ಯಾರದೋ ಮರಿಗಳು ಇದ್ದ ಹಾಗೆ ಅದಕ್ಕೆ ಅನಿಸುತ್ತದೆ.

ನಾಲ್ಕನೇ ಸಲಕ್ಕೆ ಬೆಳಗಿನ ಜಾವ ಆಗಿತ್ತು. ಒಲೆಯಲ್ಲಿ ಕೆಂಡ ಮಾತ್ರ. ಮರಿ ಕುಡಿಯುತ್ತ ಕುಡಿಯುತ್ತ ಜಾರಿ ಕುಂಯ್ ಎಂದಿತು. ಕೆಂಪಿ ನನ್ನ ತೊಡೆಯಿಂದ ತಲೆ ಎತ್ತಿದಳು. ಮೂಗು ಹತ್ತಿರ ತಂದು ಮೂಸಿದಳು. ನಾನು ಉಸಿರು ಹಿಡಿದು ಕೂತೆ. ಒಂದು ಸಲ ನಾಲಿಗೆ ತಾಗಿಸಿ ನಿಲ್ಲಿಸಿದಳು. ಮತ್ತೆ ಒಂದು ಸಲ. ಆಮೇಲೆ ಬಿಡಲೇ ಇಲ್ಲ. ಮರಿಯನ್ನು ಮಗುಚಿ ಹಾಕಿ ಹೊಟ್ಟೆ, ಬಾಲದ ಬುಡ ಎಲ್ಲ ನೆಕ್ಕಿದಳು. ಹಾಗೆ ನೆಕ್ಕಿದರೇ ಎಳೆಮರಿಗೆ ಉಚ್ಚೆ, ಕಕ್ಕಸು ಆಗುವುದು. ತಾಯಿ ನೆಕ್ಕದಿದ್ದರೆ ನಾವು ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಸಲ ಹಾಲಿನ ನಂತರ ಒರೆಸಬೇಕು. ಅತ್ತೆಯನ್ನು ಕೂಗಲಿಲ್ಲ. ಹೆಡಿಗೆಯಿಂದ ಇನ್ನುಳಿದ ಮೂರನ್ನೂ ಒಂದೊಂದಾಗಿ ತಂದು ಅವಳ ಹೊಟ್ಟೆಗೆ ಹಚ್ಚಿದೆ.

ಎಲ್ಲ ಕಡೆ ಇಷ್ಟು ಬೇಗ ಆಗುವುದಿಲ್ಲ. ಎರಡು ಮೂರು ದಿನ ಹಿಡಿಯಬಹುದು. ತಾಯಿ ಕಚ್ಚಲು ಬಂದಿದ್ದರೆ, ನಾವು ಪಕ್ಕದಲ್ಲಿ ಇಲ್ಲದಾಗ ಮರಿಗಳನ್ನು ಅವಳ ಹತ್ತಿರ ಬಿಡಲೇಬಾರದು. ಬೇರೆ ಹೆಡಿಗೆಯಲ್ಲಿಟ್ಟು ಎರಡು ಗಂಟೆಗೊಮ್ಮೆ ತಂದು ಕುಡಿಸಿ. ಒಪ್ಪಲೇ ಇಲ್ಲ ಎಂದರೆ ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಬರೀ ಹಸುವಿನ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಅದರ ಎರಡು ಪಟ್ಟಿಗಿಂತ ಜಾಸ್ತಿ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿಯೇ ಇರಲಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ದಿನಾ ತೂಗಿ. ತೂಕ ದಿನದಿನ ಏರುತ್ತಿದ್ದರೆ ನಿಶ್ಚಿಂತೆ.

ಹೆದರಿಕೆ ಅಲ್ಲದೆ ನೋವಿನಿಂದಲೂ ತಾಯಿ ಮರಿಯನ್ನು ದೂಡುತ್ತದೆ. ಇದನ್ನು ಮರೆಯಬಾರದು. ಮೊಲೆ ಗಟ್ಟಿಯಾಗಿ, ಬಿಸಿಯಾಗಿ, ಕೆಂಪಾಗಿದೆಯಾ ಮುಟ್ಟಿ ನೋಡಿ. ವಾಸನೆ ಬರುವ ಸ್ರಾವ, ಜ್ವರ, ಊಟ ಬಿಡುವುದು, ಇವು ಕಂಡರೆ ಕೂಡಲೇ ಪಶುವೈದ್ಯರು. ಹಾಲೂಡಿಸುವ ಮೊದಲ ಮೂರು ನಾಲ್ಕು ವಾರದಲ್ಲಿ ತಾಯಿ ಸುಮ್ನೆ ಏದುಸಿರು ಬಿಡುತ್ತ, ಕಾಲು ಸೆಟೆದು ನಡೆಯುತ್ತ, ನಡುಗತೊಡಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ. ಬೆಳಗಾಗಲಿ ಎಂದು ಕಾಯಬೇಡಿ, ಗಂಟೆಗಳಲ್ಲಿ ಜೀವ ಹೋಗುತ್ತದೆ. ಮಳೆಗಾಲದಲ್ಲಿ ಉಣುಗು ಕಂಡಿತೆಂದು ತಾಯಿಯ ಮೈಗೆ ಪುಡಿ, ಔಷಧಿ ಹಾಕುವ ಮುಂಚೆಯೂ ವೈದ್ಯರನ್ನು ಕೇಳಿ. ಮರಿಗಳು ಬಾಯಿ ಹಾಕುವುದು ಅದೇ ಮೈಗೆ.

ಇನ್ನು ಅವಳ ಊಟ. ಮೂರನೇ ವಾರದ ಹೊತ್ತಿಗೆ ಬಾಣಂತಿ ನಾಯಿಗೆ ಮೊದಲಿನ ಎರಡು ಮೂರು ಪಟ್ಟು ಬೇಕು. ಕಾರವಾರ, ಅಂಕೋಲೆ, ಕುಮಟೆ ಕಡೆಯವರಿಗೆ ಸುಲಭ, ಬೇಯಿಸಿ ಮುಳ್ಳು ತೆಗೆದ ಮೀನು ಅನ್ನಕ್ಕೆ ಕಲಸಿದರಾಯಿತು. ಘಟ್ಟದ ಮೇಲಿನ ನಮ್ಮಂಥ ಮನೆಗಳಲ್ಲಿ ಅನ್ನ ಮಜ್ಜಿಗೆಯ ಮೇಲೇ ನಾಯಿ ಸಾಕುವುದು ರೂಢಿ. ಬಾಣಂತಿಗೆ ಅದು ಸಾಲುವುದಿಲ್ಲ. ಮೊಟ್ಟೆಯೋ, ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರವೋ ಕೊಡಲೇಬೇಕು. ನಮ್ಮ ಅತ್ತೆಯೇ ಅಂಗಳದಲ್ಲಿ ಬೇರೆ ಒಲೆ ಹೂಡಿ ಕೆಂಪಿಗೆ ಮೊಟ್ಟೆ ಬೇಯಿಸಿಕೊಟ್ಟರು. ಬಾಣಂತಿ ಅಲ್ದಾ ಎಂದರು, ಮತ್ತೇನೂ ಹೇಳಲಿಲ್ಲ.

ಹನ್ನೆರಡನೇ ದಿನ ಮರಿಗಳು ಕಣ್ಣು ಬಿಟ್ಟವು. ಎರಡು ತಿಂಗಳಾದ ಮೇಲೆ ಮೂರು ಮರಿಗಳು ಬೇರೆ ಮನೆ ಸೇರಿದವು. ಹಾಲು ಬತ್ತಿದ ನಂತರ ಕೆಂಪಿಗೆ ಮತ್ತೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದೆವು. ಚೀಲದೊಳಗೆ ಅಲ್ಲಾಡುತ್ತಿದ್ದ ಆ ಮೊದಲ ಮರಿ ನಮ್ಮಲ್ಲೇ ಉಳಿದಿದೆ. ಈಗ ತಾಯಿಗಿಂತ ಎತ್ತರ. ಮಳೆ ಜೋರಾದರೆ ಇಬ್ಬರೂ ಹೋಗಿ ಮಲಗುವುದು ಆ ಸೌದೆ ರಾಶಿಯ ಹಿಂದೆಯೇ. ಕೆಂಪಿ ಇವತ್ತಿಗೂ ಅದರ ಕಿವಿ ನೆಕ್ಕುತ್ತಾಳೆ.

ನಮಸ್ಕಾರ.